ಮೊದಲ ಅಂಕದ ರಾಜ

ಅಣ್ಣ ಚಳ್ಳಕೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಾನು ಹತ್ತಿರ ಇರಲಿಲ್ಲ. ಅವನ ಕೊನೆಯನ್ನು ನೆನೆಯಲು ನನಗೆ ಉಳಿದದ್ದು ನಾಟಕದ ಸಾವು ಮಾತ್ರ. ಹಿಂದೆ ಕೊಂಡ್ಲಹಳ್ಳಿಯ ನಾಟಕದಲ್ಲಿ ಅವನು ರಾಜನ ಪಾತ್ರ ಮಾಡಿದ್ದ. ಕೊನೆಯ ಅಂಕದಲ್ಲಿ ಬಾಣ ತಗುಲಿ ಬಿದ್ದವನು, ಪರದೆ ಇಳಿಯುವ ಮುಂಚೆ ಅವ್ವ ಕುಳಿತಿದ್ದ ಕಡೆಗೆ ಒಂದು ಕೈ ಎತ್ತಿದ್ದ.

ಕಳೆದ ವಾರ ರಾಂಪುರದಲ್ಲಿ ಅಣ್ಣನ ಗೆಳೆಯರೊಬ್ಬರು ಸಿಕ್ಕಿದರು. ಲಾರಿ ಮೆಕ್ಯಾನಿಕ್. ಚಹಾ ಕುಡಿಯುತ್ತಾ ಇದನ್ನು ಅವರಿಗೆ ಹೇಳಿದೆ.

“ಏನ್ ಓದಿದ್ಯೋ ತಮ್ಮಾ ಯೂನಿವರ್ಸಿಟಿಯಾಗೆ! ಸತ್ತೋನು ನಾನು ಕಣೋ. ನಿಮ್ಮಣ್ಣ ಮೊದಲ್ನೇ ಅಂಕದ ರಾಜ.”

ನಮ್ಮ ಕಡೆ ರಾಜನಾಗಲು ಎಲ್ಲರಿಗೂ ಆಸೆ. ಹಾಗಾಗಿ ಒಂದೇ ಪಾತ್ರವನ್ನು ಅಂಕಕ್ಕೊಬ್ಬರಂತೆ ಹಂಚಿಕೊಳ್ಳುತ್ತಾರೆ. ಪರದೆಯ ಹಿಂದೆ ಕಿರೀಟ ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಹೋಗುತ್ತದೆ. ಅದೇ ಬಣ್ಣ, ಅದೇ ಮೀಸೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಾಟಕದ ಅಂಕಗಳ ಮೇಲೆ ಪ್ರಬಂಧ ಬರೆದವನು ನಾನು. ಆದರೂ ನೆನಪು ಇಬ್ಬರನ್ನು ಒಬ್ಬನನ್ನಾಗಿ ಮಾಡಿಬಿಟ್ಟಿತ್ತು.

“ಮತ್ತೆ ಅವ್ವನ ಕಡೆ ಕೈ ಎತ್ತಿದ್ದು?” ಎಂದೆ.

“ನಿಮ್ಮವ್ವನ ಪಕ್ಕದಾಗೇ ನಮ್ಮ ಅಮ್ಮಿ ಕುಂತಿದ್ಲಪ್ಪ. ಮಗ ಸತ್ತೇ ಹೋದ ಅಂತ ಅಳ್ತಿದ್ಲು. ಬದುಕಿದೀನಿ ಸುಮ್ಕಿರೇ ಅಂತ ತೋರ್ಸಿದೆ.”

ಅವರು ನಕ್ಕರು. ನಾನೂ ನಗಲು ನೋಡಿದೆ.

ಮೊಳಕಾಲ್ಮುರಿಗೆ ಮರಳುವ ಬಸ್ಸಿನಲ್ಲಿ ಮೊದಲ ಅಂಕವನ್ನು ಜ್ಞಾಪಿಸಿಕೊಳ್ಳತೊಡಗಿದೆ. ಅಣ್ಣ ಸಿಂಹಾಸನದ ಮೇಲೆ ಕುಳಿತಿರಬೇಕು, ಹಾಡಿರಬೇಕು. ಯಾವ ಹಾಡು, ಹೇಗೆ ಕುಳಿತಿದ್ದ, ಯಾರ ಕಡೆ ನೋಡಿದ್ದ, ಒಂದೂ ನೆನಪಿಗೆ ಬರಲಿಲ್ಲ.