ಎರಡನೇ ಪೈಪು ಹಾಕಿದವನು ನಾನು

ನನ್ನ ಹೆಂಡತಿ ಪುಟ್ಟಮ್ಮನ ಬಲಗಣ್ಣು ಹೋದದ್ದು ಅವಳ ತಮ್ಮ ರಂಗಪ್ಪನ ಕೈತಪ್ಪಿನಿಂದಲ್ಲ. ನನ್ನಿಂದ. ಇಪ್ಪತ್ತೆಂಟು ವರ್ಷ ಊರೆಲ್ಲ ರಂಗಪ್ಪನ ಹೆಸರು ಹೇಳಿತು. ಅವನೂ ಅದನ್ನೇ ನಂಬಿದ. ನಾನು ನಂಬಲು ಬಿಟ್ಟೆ — ಬಿಟ್ಟೆ ಅನ್ನುವುದೂ ಸುಳ್ಳು, ನಾನೇ ನಂಬಿಸಿದೆ.

ನಾನು ಓದಿರುವುದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಈ ಮಾತು ಹೊರಗೆ ಬಂದದ್ದು ನನ್ನ ಮೊಮ್ಮಗಳು ಕಾವ್ಯಳಿಂದ. ಅವಳ ವಿಷಯ ಬಂದರೆ ನನಗೆ ಬಾಯಿ ಮುಚ್ಚಲು ಬರುವುದಿಲ್ಲ. ಮಧುಗಿರಿಯಲ್ಲಿ ಫ್ರಿಜ್ ರಿಪೇರಿ ಕೆಲಸ ಅವಳದು. ಗಂಡಾಳುಗಳು ಗುಜರಿಗೆ ಹಾಕಿ ಎಂದ ಫ್ರಿಜ್ಜನ್ನು ಅವಳು ಕಿವಿಗೊಟ್ಟು ಕೇಳಿ, ಎರಡು ಸಲ ತಟ್ಟಿ, ಓಡಿಸುತ್ತಾಳೆ. ದೊಡ್ಡೇರಿಯ ಟೀ ಅಂಗಡಿಯಲ್ಲಿ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆದರೆ ಅಲ್ಲಿನವರೇ "ಎರಡು ಸಲ ತಟ್ಟಿದ್ಲು, ಓಡ್ತು, ಅಷ್ಟೇ ತಾನೆ? ಟೀ ಕುಡಿ" ಅನ್ನುತ್ತಾರೆ.

ನಾನು ಸೋಡಾ ಮಾಡಿ ಬದುಕಿದವನು. ಅದು ಅವಳ ತಲೆಯಲ್ಲಿತ್ತೋ ಏನೋ, ಹೋದ ವರ್ಷ ಒಂದು ಹಳೆಯ ಫ್ರಿಜ್ಜು ಮನೆಗೆ ತಂದು, ಒಳಗೆ ಒಂದು ಸ್ಟೀಲ್ ಪೀಪಾಯಿ ಇಟ್ಟಳು. ಪಕ್ಕದಲ್ಲಿ ಗ್ಯಾಸ್ ಸಿಲಿಂಡರು, ಬಾಗಿಲಿಗೆ ಒಂದು ನಲ್ಲಿ. ತಿರುಗಿಸಿದರೆ ತಣ್ಣನೆಯ ಸೋಡಾ. ಮೊದಲ ಲೋಟ ಕುಡಿದು ನಾನು ಅತ್ತುಬಿಟ್ಟೆ. ಗ್ಯಾಸು ಮೂಗಿಗೆ ಹತ್ತಿತು ಎಂದು ಹೇಳಿಕೊಂಡೆ.

ಈ ವರ್ಷ ಅವಳಿಗೆ ಸೊಗದೆಬೇರಿನ ಶರಬತ್ತಿನ ಪೀಪಾಯಿಯನ್ನೂ ಒಳಗಿಡುವ ಆಸೆ ಬಂತು. ಆದರೆ ಸೋಡಾಗೆ ಬೇಕಾದ ಒತ್ತಡ ಶರಬತ್ತಿಗೆ ಕೊಟ್ಟರೆ ಬರೀ ನೊರೆ. ಅದಕ್ಕೇ ಅದೇ ಸಿಲಿಂಡರಿನಿಂದ ಎರಡನೇ ಗ್ಯಾಸ್ ಪೈಪು, ಅದರ ಒತ್ತಡ ತಗ್ಗಿಸಲು ಬೇರೆಯೇ ರೆಗ್ಯುಲೇಟರು, ಶರಬತ್ತು ಪೈಪಿನೊಳಗೆ ಹಿಂದಕ್ಕೆ ನುಗ್ಗದ ಹಾಗೆ ಒಂದು ಪುಟ್ಟ ತಡೆ. ಹೋದ ಭಾನುವಾರ ಬೆಳಿಗ್ಗೆ ಕೂತು ಜೋಡಿಸಿದಳು. ಪೈಪಿನ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡಿದಳು. ನಾನು ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದೆ. ಅವಳ ಕೈ ನೋಡುವುದೇ ನನಗೊಂದು ಹಬ್ಬ.

ಒಂದು ನಟ್ಟು ಸಾಲದೆ ಬಂತು. ನನ್ನ ಹಳೆಯ ಕಬ್ಬಿಣದ ಡಬ್ಬಿ ಸುರಿದು ಹುಡುಕಿದಳು. ಅದರಿಂದ ಒಂದು ಹಿತ್ತಾಳೆ ತುಂಡು ಉರುಳಿತು — ಮೂರು ಬಾಯಿಯ ಕವಲು.

ಆ ತುಂಡಿನ ಕತೆ ಇದು.

ಆಗ ದೊಡ್ಡೇರಿಯಲ್ಲಿ ನಮ್ಮದು ಗೋಲಿ ಸೋಡಾ ಅಂಗಡಿ. ನಾನು, ರಂಗಪ್ಪ, ಬಾಟಲಿ ತೊಳೆದು ಜೋಡಿಸಲು ಪುಟ್ಟಮ್ಮ. ಮದುವೆ ಕಾಲದಲ್ಲಿ ಒಂದು ಮಿಷನ್ನು ಸಾಲದೆ ಇನ್ನೊಂದು ತಂದೆ. ಸಿಲಿಂಡರು ಮಾತ್ರ ಒಂದೇ. ಗ್ಯಾಸು ಸಿಲಿಂಡರಿನಿಂದ ರೆಗ್ಯುಲೇಟರಿಗೆ ಬಂದು, ಅಲ್ಲಿ ಒತ್ತಡ ತಗ್ಗಿ, ಆಮೇಲೆ ಮಿಷನ್ನಿಗೆ ಹೋಗಬೇಕು. ಎರಡನೇ ಪೈಪನ್ನು ರೆಗ್ಯುಲೇಟರಿನ ಆಚೆ ಕಡೆಯಿಂದ ತೆಗೆಯಬೇಕಿತ್ತು. ಅದಕ್ಕೆ ಬೇಕಾದ ಸಾಮಾನು ತುಮಕೂರಿನಲ್ಲಿತ್ತು. ಒಂದು ದಿನ ಹಾಳು ಎಂದುಕೊಂಡು ಲೇತ್‌ನವನ ಹತ್ತಿರ ಈ ಕವಲು ಕಡೆಸಿ, ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಕೂರಿಸಿದೆ. ಅಂದರೆ ಎರಡನೇ ಮಿಷನ್ನಿಗೆ ಸಿಲಿಂಡರಿನ ಪೂರ್ತಿ ಒತ್ತಡ ನೇರವಾಗಿ. ನಡುವೆ ಒಂದು ಸಣ್ಣ ತಿರುಪು, ಅಷ್ಟೇ.

ರಂಗಪ್ಪ ಕೇಳಿದ್ದ. "ಭಾವ, ಇದ್ಕೆ ಮೀಟ್ರೇ ಇಲ್ವಲ್ಲ, ಹೆಂಗೆ?"

"ಸೋಡಾದೋನಿಗೆ ಕೈಯೇ ಮೀಟ್ರು ಕಣ್ಲಾ. ಅರ್ಧ ಸುತ್ತು ತಿರುಗ್ಸು, ಸಾಕು" ಎಂದೆ.

ನಮ್ಮ ಕಸುಬಿನವರಿಗೆ ಆ ಜಂಬ ಇತ್ತು. ಬಾಟಲಿಯ ಸದ್ದು ಕೇಳಿಯೇ ಗ್ಯಾಸು ಎಷ್ಟು ಎಂದು ಹೇಳುತ್ತಿದ್ದೆವು.

ಮೊದಲ ದಿನವೇ ಅದು ಆಯಿತು. ಅವನು ತಿರುಪು ತಿರುಗಿಸಿದ. ನಾನು ನೋಡುತ್ತಿದ್ದೆ — ಅರ್ಧ ಸುತ್ತು. ಹೇಳಿದಷ್ಟೇ. ಒಂದು ಕೂದಲೂ ಹೆಚ್ಚಿಲ್ಲ. ಬಾಟಲಿ ಸಿಡಿದು, ಮಿಷನ್ನಿನ ಸುತ್ತ ಕಟ್ಟಿದ್ದ ತಂತಿ ಜಾಲರಿ ಹರಿದು, ಗಾಜು ಪುಟ್ಟಮ್ಮನ ಕಣ್ಣಿಗೆ ಬಂತು. ಬೀದಿಯ ಜನ ಓಡಿ ಬಂದರು. ಯಾರೂ ಇನ್ನೂ ಏನೂ ಕೇಳಿರಲಿಲ್ಲ. ಅಷ್ಟರಲ್ಲಿ ನನ್ನ ಬಾಯಿಂದ ಬಂತು:

"ಎಷ್ಟು ಸಲ ಬಡ್ಕೊಂಡೆ ಅರ್ಧ ಸುತ್ತು ಅಂತ! ಪೂರ್ತಿ ತಿರುಗ್ಸ್‌ಬುಟ್ಯಲ್ಲೋ! ನಿನ್ ಕೈಗೆ ಹಿಡಿತಾನೇ ಇಲ್ಲ ಕಣ್ಲಾ!"

ರಂಗಪ್ಪ ತನ್ನ ಕೈಯನ್ನೇ ನೋಡಿಕೊಂಡ. ಅದೇ ನನಗೆ ಮರೆಯುವುದಿಲ್ಲ. ವಾದ ಮಾಡಲಿಲ್ಲ. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡ. ಆಮೇಲೆ ಅಕ್ಕನನ್ನು ಎತ್ತಿ ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದ. ನಾನು ಗಾಜು ಗುಡಿಸಿ ಬರುತ್ತೇನೆ ಎಂದು ಹಿಂದೆ ಉಳಿದೆ. ಗಾಜು ಗುಡಿಸಲಿಲ್ಲ. ಕವಲು ಬಿಚ್ಚಿ ಡಬ್ಬಿಯ ತಳಕ್ಕೆ ಹಾಕಿದೆ. ಹೆಂಡತಿಯ ಹಿಂದೆ ಓಡಬೇಕಾದವನು ಮೊದಲು ಮಾಡಿದ ಕೆಲಸ ಅದು.

ರಂಗಪ್ಪ ಸೋಡಾ ಕೆಲಸ ಬಿಟ್ಟು ಹುಲಿಕುಂಟೆಗೆ ಹೋಗಿ ಕುರಿ ಸಾಕಿದ. ಪ್ರತಿ ಗೌರಿ ಹಬ್ಬಕ್ಕೂ ಅಕ್ಕನಿಗೆ ಬಾಗಿನ ತಂದ. ಅವಳ ಜೊತೆ ನಡೆಯುವಾಗ ಯಾವಾಗಲೂ ಅವಳ ಬಲಗಡೆಗೇ ಇರುತ್ತಾನೆ, ಆ ಕಡೆ ಅವಳಿಗೆ ಕಾಣುವುದಿಲ್ಲವಲ್ಲ. ಮನೆಯಲ್ಲಿ ಯಾರಾದರೂ ಏನಾದರೂ ಬೀಳಿಸಿದರೆ "ರಂಗಪ್ಪನ ಕೈ" ಎಂದು ನಗುವುದು ರೂಢಿಯಾಯಿತು. ನಾನೂ ನಕ್ಕಿದ್ದೇನೆ.

ಈಗ ಭಾನುವಾರಕ್ಕೆ ಬರುತ್ತೇನೆ. ಕಾವ್ಯ ಕವಲನ್ನು ತಿರುಗಿಸಿ ನೋಡಿದಳು. "ಇದೇನ್ ತಾತ? ಈ ಬಾಯಿ ಸಿಲಿಂಡರ್‌ಗೆ ಕೂರೋದು. ರೆಗ್ಯುಲೇಟರ್‌ಗಿಂತ ಮುಂಚೇನೇ ಲೈನ್ ತೆಗೆದವ್ರೆ. ಇಂಗೆ ಯಾವ ಪುಣ್ಯಾತ್ಮ ಮಾಡ್ಸಿದ್ದು? ಕಾಲು ಸುತ್ತು ತಿರುಗ್ಸಿದ್ರೂ ಸಿಡೀತದೆ!"

ನಾನು ಸುಮ್ಮನಿದ್ದೆ. ಬಾಯಿ ಮುಚ್ಚಲು ಬಾರದವನು.

ಮಧ್ಯಾಹ್ನ ರಂಗಪ್ಪ ಬಂದ. ಹೊಸ ಲೈನಿನ ನಲ್ಲಿಯನ್ನು ಮೊದಲು ಅವನ ಕೈಯಲ್ಲೇ ತಿರುಗಿಸಬೇಕೆಂದು ಅವಳೇ ಕರೆಸಿದ್ದಳು. "ಬನ್ನಿ ರಂಗತಾತ, ನೀವೇ ಹಳೇ ಸೋಡಾ ಮೇಸ್ತ್ರಿ" ಎಂದಳು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬ್ಯಾಡ ಕಣವ್ವ. ನನ್ ಕೈ ಸರಿಯಿಲ್ಲ. ನೀನು ಹುಟ್ಟಿದಾಗ್ಲೂ ನಾನು ಎತ್ಕೊಂಡಿಲ್ಲ, ಕೇಳು ನಿಮ್ಮಜ್ಜೀನ. ನಮ್ಮನೆ ಕೂಸುಗಳನ್ನೂ ಅಷ್ಟೇ, ಒಂದನ್ನೂ ಎತ್ತಿಲ್ಲ."

ನಗುತ್ತಲೇ ಹೇಳಿದ. ಕಾವ್ಯ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅವಳನ್ನು ಯಾರಿಗೂ ಕೊಡದೆ ನಾನೇ ಎತ್ತಿಕೊಂಡು ತಿರುಗಿದ್ದು ನೆನಪಾಯಿತು. ಅವನು ಬಾಗಿಲ ಹತ್ತಿರ ನಿಂತಿದ್ದ, ಕೈ ಹಿಂದೆ ಕಟ್ಟಿಕೊಂಡು. ನಾನು ಅವತ್ತು ನೋಡಿದೆ, ಆದರೆ ನನಗೆ ಕಾಣಲಿಲ್ಲ.

ಹೇಳಿಬಿಟ್ಟೆ. ಕವಲನ್ನು ನೆಲದ ಮೇಲಿಟ್ಟು, ರಂಗಪ್ಪ, ಕಾವ್ಯ, ಅಲ್ಲೇ ಕೂತಿದ್ದ ಪುಟ್ಟಮ್ಮ, ಮೂವರ ಮುಂದೆ. "ನೀನು ಅರ್ಧ ಸುತ್ತೇ ತಿರುಗ್ಸಿದ್ದೆ ಕಣೋ ರಂಗ. ನಾನ್ ನೋಡ್ದೆ. ನಾನು ಪೈಪು ಹಾಕಿದ್ದೇ ತಪ್ಪು."

ರಂಗಪ್ಪ ಬೆನ್ನ ಹಿಂದಿನ ಕೈ ಬಿಡಿಸಿ ಮುಂದೆ ತಂದುಕೊಂಡ. ಆಮೇಲೆ "ಅರ್ಧಾನೇನಾ ಭಾವ?" ಎಂದ. ಮತ್ತೆ ಅದನ್ನೇ ಕೇಳಿದ. "ಅರ್ಧಾನೇನಾ?"

ಪುಟ್ಟಮ್ಮ ಎದ್ದು ಅವನ ಕೈ ಹಿಡಿದುಕೊಂಡಳು. ನನ್ನ ಕಡೆ ತಿರುಗಿ ಅಂದಳು, "ನನ್ ಕಣ್ಣು ಹೋಯ್ತು, ಹೋಗ್ಲಿ. ಇವನ ಕೈ ಯಾಕ್ ಕಿತ್ಕೊಂಡೆ ನೀನು?"

ಹೆದರಿದೆ ಎಂದು ಬರೆಯಬಹುದು, ಆದರೆ ಹೆದರಿಕೆ ಒಂದು ಗಳಿಗೆಯದು, ಇಪ್ಪತ್ತೆಂಟು ವರ್ಷದ್ದಲ್ಲ.

ಆ ದಿನ ನಲ್ಲಿಯನ್ನು ಯಾರೂ ತಿರುಗಿಸಲಿಲ್ಲ. ರಂಗಪ್ಪ ಊಟ ಮಾಡದೆ ಬಸ್ಸು ಹತ್ತಿದ. ಪುಟ್ಟಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ಅಷ್ಟೇ.

ಸುಳ್ಳನ್ನು ಬೀದಿಯ ತುಂಬ ಹೇಳಿದ್ದೆ. ನಿಜವನ್ನು ಮನೆಯೊಳಗೆ ಮಾತ್ರ ಹೇಳಿದರೆ ಸಾಲದು. ಟೀ ಅಂಗಡಿಯಲ್ಲಿ ನಿನ್ನೆ ಹೇಳಿದೆ. ಯಾರೂ ಟೀ ಕುಡಿ ಅನ್ನಲಿಲ್ಲ. ನಾಳೆ ಬೆಳಿಗ್ಗೆ ಹುಲಿಕುಂಟೆಗೆ ಹೋಗುತ್ತೇನೆ. ರಂಗಪ್ಪನ ಹೆಂಡತಿ, ಮಕ್ಕಳು, ಅವನು ಎತ್ತಿಕೊಳ್ಳದ ಮೊಮ್ಮಕ್ಕಳು — ಅವರ ಮುಂದೆ ಈ ಹಿತ್ತಾಳೆ ತುಂಡು ಇಟ್ಟು ಹೇಳಬೇಕು. ಅವರು ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು ಹೇಳುತ್ತೇನೆ.

ಕಾವ್ಯ ಜೊತೆಗೆ ಬರುತ್ತೇನೆ ಎಂದಳು. ಬೇಡ ಎಂದೆ. ಅವಳು ಪಕ್ಕದಲ್ಲಿದ್ದರೆ ನನ್ನ ಮುಖ ತಾನಾಗೇ ಅರಳಿಬಿಡುತ್ತದೆ. ಆ ಅಂಗಳಕ್ಕೆ ಅಂಥ ಮುಖ ಹೊತ್ತುಕೊಂಡು ಹೋಗುವ ಹಕ್ಕು ನನಗಿಲ್ಲ.