ಕಾಮಣ್ಣನಿಗೆ ಕದ್ದ ದಿಮ್ಮಿ

ಅದು ಎರಡು ಸಾವಿರನೇ ಇಸವಿಯ ಮಾರ್ಚ್ ತಿಂಗಳು. ಇಸವಿ ಬದಲಾದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟುಕೆ ಗಲಾಟೆ ಏನೂ ಆಗದೆ ಮುಗಿದು, ನಮ್ಮಂಥ ಪ್ರೋಗ್ರಾಮರುಗಳಿಗೆ ಕೆಲಸಕ್ಕೆ ಬರವಿಲ್ಲದ ಕಾಲ. ನಾನೂ ಹೆಂಡತಿ ಶೈಲಾಳೂ ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಮನೆಯ ಹಿಂದೆ ಬೇಲಿಯಿಲ್ಲದ ಕಾಡು. ಪಕ್ಕದ ಮನೆಯಲ್ಲಿ ಹೆಲನ್ ಎಂಬ ಎಪ್ಪತ್ತರ ಆಸುಪಾಸಿನ ಹೆಂಗಸು, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹಿಂದಿನ ಬೇಸಿಗೆಯಲ್ಲಷ್ಟೇ ಅವರ ಗಂಡ ತೀರಿಕೊಂಡಿದ್ದರು.

"ಕಾಡಿನಲ್ಲಿ ನಮ್ಮದೊಂದು ವಿಶೇಷ ಇದೆ, ಬಾ ತೋರಿಸುತ್ತೇನೆ" ಎಂದು ಆಕೆ ಎರಡು ಮೂರು ಸಲ ಕರೆದಿದ್ದರು. ಪ್ರತಿ ಸಲವೂ ನಾನು "ನೆಕ್ಸ್ಟ್ ವೀಕೆಂಡ್ ಖಂಡಿತ" ಎಂದು ಜಾರಿಕೊಂಡಿದ್ದೆ. ಶನಿವಾರ ಬಂದರೆ ದೂರದ ಬೆಲ್‌ರೋಸ್‌ನ ಭಾರತೀಯ ಅಂಗಡಿಗೆ ಹೋಗಿ ಜೋಳದ ಹಿಟ್ಟು ತರುವುದೇ ನಮಗೆ ದೊಡ್ಡ ಕೆಲಸವಾಗಿತ್ತು.

ಹೋಳಿ ಹತ್ತಿರ ಬಂತು. ನಾನು ಬಾಗಲಕೋಟೆ ಕಡೆಯವನು. ನಮ್ಮಲ್ಲಿ ಕಾಮಣ್ಣನನ್ನು ಸುಡುವ ಕಟ್ಟಿಗೆಯನ್ನು ಕದ್ದೇ ತರಬೇಕು. ಹಿತ್ತಲಿನ ಕುಳ್ಳು, ಮುರುಕು ಬಾಗಿಲು, ಗಾಡಿಯ ಗಾಲಿ, ಯಾವುದಾದರೂ ಸರಿ. ಕಳಕೊಂಡವರು ಬೈಯುತ್ತಾರೆ, ಆಮೇಲೆ ನಗುತ್ತಾರೆ. ಗೆಳೆಯ ಬಸು ಫೋನ್ ಮಾಡಿ, "ಈ ಸಲ ನಿಮ್ಮ ಹಿತ್ತಲದಾಗ ಕಾಮದಹನ ಮಾಡೂಣು" ಎಂದ. "ಕಟ್ಟಿಗಿ ಗ್ಯಾಸ್ ಸ್ಟೇಷನ್‌ದಾಗ ಸಿಗ್ತಾವಲ್ಲೋ" ಎಂದೆ. ಅಲ್ಲಿ ಪೆಟ್ರೋಲ್ ಬಂಕಿನಲ್ಲೇ ಕಟ್ಟಿಗೆಯ ಕಟ್ಟುಗಳನ್ನೂ ಮಾರುತ್ತಾರೆ.

"ಡಾಲರ್ ಕೊಟ್ಟು ತಂದ ಕಟ್ಟಿಗಿಲೇ ಕಾಮಣ್ಣನ್ನ ಸುಡ್ತೀಯೇನು? ನಾಚಿಕಿ ಇಲ್ಲೇನಲೇ?"

ಹುಣ್ಣಿಮೆ ಎಂದಿದ್ದರೂ ಅಮೆರಿಕದಲ್ಲಿ ನಮ್ಮ ಹಬ್ಬ ಶನಿವಾರವೇ. ಅಂದು ಬೆಳಿಗ್ಗೆ ಹೆಲನ್ ಕಾರು ಹೊರಗೆ ಹೋದದ್ದನ್ನು ನೋಡಿಕೊಂಡು ಬಸುವೂ ನಾನೂ ಅವರ ಮನೆಯ ಹಿಂದಿನ ಕಾಡಿಗೆ ನುಗ್ಗಿದೆವು. ಅಲ್ಲೊಂದು ಓಕ್ ಮರದ ದಿಮ್ಮಿ ಬಿದ್ದಿತ್ತು. ಮೇಲೆ ಹಸಿರು ಪಾಚಿ, ಪಕ್ಕದಲ್ಲಿ ಕಾಲು ಮಡಚಿದ ಒಂದು ಕುರ್ಚಿ. ಬಸು ಒಂದು ತುದಿ ಎತ್ತಿ ನೋಡಿ, "ಹಗರ ಐತಿ, ಚಲೋ ಒಣಗೇತಿ" ಎಂದ. ನಾನೂ ಹೌದೆಂದೆ. ನಮ್ಮ ಬಯಲುಸೀಮೆಯಲ್ಲಿ ಬಿದ್ದ ಮರವನ್ನು ಗೆದ್ದಲು ತಿನ್ನಬೇಕು, ಇಲ್ಲ ಒಲೆ ತಿನ್ನಬೇಕು. ಮರ ನೆಲದ ಮೇಲೆ ಮಲಗಿ ನಿಧಾನವಾಗಿ ಮಣ್ಣಾಗುವುದನ್ನು ನಾವಿಬ್ಬರೂ ಕಂಡವರಲ್ಲ.

ಹಾರೆ ಹಾಕಿ ಮೀಟಿದರೆ ಮೇಲಿನ ಪದರ ರವೆಯುಂಡೆಯಂತೆ ಉದುರಿತು. ಒಳಗೆಲ್ಲ ಬಿಳಿ ನೂಲಿನಂಥ ಎಳೆಗಳು. ಬೆನ್ನ ಮೇಲೆ ಕೆಂಪು ಗೆರೆಯಿದ್ದ, ಹಲ್ಲಿಮರಿಯಂಥ ಎರಡು ಜೀವಿಗಳು ಹೊರಬಿದ್ದು ಎಲೆಗಳೊಳಗೆ ನುಸುಳಿದವು. ದಿಮ್ಮಿಗೆ ಹೊಡೆದಿದ್ದ ಸಣ್ಣ ಅಲ್ಯೂಮಿನಿಯಂ ತಗಡೊಂದು ಕಳಚಿ ಬಿತ್ತು. ಅದರ ಮೇಲೆ ೭೬ ಎಂದು ಕೊರೆದಿತ್ತು. "ಮುನಿಸಿಪಾಲ್ಟಿ ನಂಬರ್ ಇರಬೇಕು, ತಗೀ" ಎಂದ ಬಸು. ನಾನು ಅದನ್ನು ಜಾಕೆಟ್ ಜೇಬಿಗೆ ಹಾಕಿಕೊಂಡೆ. ಗಟ್ಟಿಯಿದ್ದ ತುಂಡುಗಳನ್ನೆಲ್ಲ ಮೂರು ಸಲ ಹೊತ್ತು ತಂದೆವು.

ಅದು ಉರಿಯಲೇ ಇಲ್ಲ. ಎಣ್ಣೆ ಸುರಿದರೂ ಒಳಗಿನ ನೀರು ಸುಂಯ್ ಎಂದು ಹೊಗೆಯಾಯಿತೇ ಹೊರತು ಉರಿ ಏಳಲಿಲ್ಲ. ಕೊನೆಗೆ ಬಸುವೇ ಗ್ಯಾಸ್ ಸ್ಟೇಷನ್‌ಗೆ ಹೋಗಿ ಕಟ್ಟಿಗೆ ತಂದ. ಅವನ ಮುಖ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಹೆಲನ್. ಕಾಲಲ್ಲಿ ರಬ್ಬರ್ ಬೂಟು, ಕೈಯೆಲ್ಲ ಮಣ್ಣು, ಬೆರಳ ನಡುವೆ ಸ್ವೆಟರ್ ಹೆಣೆಯುವ ಉದ್ದನೆಯ ಕಡ್ಡಿ. ಹೊಗೆಯ ದೂರು ತಂದಿರಬೇಕೆಂದು ನಾನು ಸಾರಿ ಹೇಳಲು ಸಿದ್ಧನಾಗಿದ್ದೆ. ಆಕೆ ಕೇಳಿದ್ದೇ ಬೇರೆ.

"ನಿನ್ನೆ ಯಾರಾದರೂ ನಮ್ಮ ಕಾಡಿನ ಕಡೆ ಹೋದದ್ದನ್ನು ನೋಡಿದೆಯಾ?"

ನನ್ನ ಬಾಯಿಂದ "ಇಲ್ಲ" ಎಂಬ ಮಾತು ತಾನಾಗಿ ಬಂತು.

ಆಕೆ ಮೆಟ್ಟಿಲ ಮೇಲೆಯೇ ಕುಳಿತರು. ಆ ಓಕ್ ಮರ ಎಪ್ಪತ್ತಾರರ ಬಿರುಗಾಳಿಗೆ ಬಿದ್ದು ಇಪ್ಪತ್ತನಾಲ್ಕು ವರ್ಷವಾಗಿತ್ತಂತೆ. ಕಡಿಸುವುದು ಬೇಡ, ಕಾಡು ಇದನ್ನು ಎಷ್ಟು ವರ್ಷದಲ್ಲಿ ತಿಂದು ಮುಗಿಸುತ್ತದೋ ನೋಡೋಣ ಎಂದಿದ್ದರಂತೆ ಗಂಡ. ಪ್ರತಿ ಮಾರ್ಚ್ ತಿಂಗಳು ಇಬ್ಬರೂ ಹೋಗಿ ಒಂದೇ ಜಾಗದಲ್ಲಿ ಈ ಕಡ್ಡಿಯನ್ನು ಒತ್ತುತ್ತಿದ್ದರು. ಮೊದಲ ವರ್ಷ ಕಡ್ಡಿಯೇ ಬಾಗಿತ್ತು. ತೊಗಟೆ ಸಡಿಲವಾದ ಮೇಲೆ ಬೆರಳಗಲ ಇಳಿಯಿತು. ಆಮೇಲೆ ಅಣಬೆ ಬಂತು, ಪಾಚಿ ಬಂತು, ಅದರ ಮೇಲೆಯೇ ಬೇರೆ ಗಿಡ ಮೊಳೆಯಿತು. ಹೋದ ವರ್ಷ ಗಂಡನಿಗೆ ನಿಲ್ಲಲಾಗದೆ ಕುರ್ಚಿಯಲ್ಲಿ ಕುಳಿತು ಒತ್ತಿದಾಗ, ಕಡ್ಡಿ ಪೂರ್ತಿ ಇಳಿಯಲು ಒಂದಿಂಚು ಮಾತ್ರ ಉಳಿದಿತ್ತು.

"ಮುಂದಿನ ವರ್ಷ ಪೂರ್ತಿ ಹೋಗುತ್ತೆ, ನೀನು ನೋಡಿ ನನಗೆ ಹೇಳು ಅಂದಿದ್ದ" ಎಂದರು ಹೆಲನ್. "ತುಂಡುಗಳು ಎಲ್ಲಾದರೂ ಕಂಡರೆ ಹೇಳು. ಅಲ್ಲೇ ಇಡುತ್ತೇನೆ. ಹುಳುಗಳು ಮತ್ತೆ ಬರುತ್ತವೆ."

ತಗಡು ನನ್ನ ಜಾಕೆಟ್ ಜೇಬಿನಲ್ಲೇ ಇತ್ತು. ಜಾಕೆಟ್ ಬಾಗಿಲ ಹಿಂದೆಯೇ ನೇತಾಡುತ್ತಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಪೊಲೀಸ್, ವೀಸಾ, ಗ್ರೀನ್ ಕಾರ್ಡ್ ಅರ್ಜಿ. ಒಂದು ಮರದ ತುಂಡಿಗೆ ಯಾರೂ ನನ್ನನ್ನು ದೇಶ ಬಿಡಿಸುತ್ತಿರಲಿಲ್ಲ. ಆದರೂ ಜಾಕೆಟ್ಟಿಗೆ ಕೈ ಹಾಕಲಿಲ್ಲ.

ಆಕೆ ಹೋದ ಮೇಲೆ ಶೈಲಾ, "ಹೋಗಿ ಹೇಳ್ರಿ. ಭಾಳಂದ್ರ ಬೈತಾರ" ಎಂದಳು. ಹೇಳಲಿಲ್ಲ. ಸೋಮವಾರ ಬೆಳಿಗ್ಗೆ, ಕಳ್ಳನಂತೆ ತಂದ ನಾನು ಅರೆಸುಟ್ಟ ತುಂಡುಗಳನ್ನು ಕಳ್ಳನಂತೆಯೇ ಕಾಡಿನಲ್ಲಿಟ್ಟು ಬಂದು ಆಫೀಸಿನ ಬಸ್ಸು ಹತ್ತಿದೆ.

ಸೆಪ್ಟೆಂಬರ್‌ನಲ್ಲಿ ಪ್ರಾಜೆಕ್ಟ್ ಮುಗಿದು ಆ ಮನೆ ಬಿಟ್ಟೆವು. ಸಾಮಾನು ಹೇರುತ್ತಿದ್ದಾಗ ಹೆಲನ್ ಬಂದರು. "ವಾಪಸ್ ಬಂದ ತುಂಡುಗಳಲ್ಲಿ ಅಣಬೆ ಎದ್ದಿವೆ" ಎಂದರು. "ಸುಟ್ಟು ಕಪ್ಪಾದ ಕಡೆ ಮಾತ್ರ ಏನೂ ಬೆಳೆದಿಲ್ಲ. ಅದಕ್ಕೆ ಇನ್ನೂ ಹೆಚ್ಚು ಕಾಲ ಬೇಕು."

ಆಕೆಗೆ ಎಲ್ಲವೂ ಗೊತ್ತಿತ್ತು. ನನ್ನ ಮುಖವನ್ನೇ ನೋಡುತ್ತ, ನಾನು ಹೇಳಲೆಂದು ಕಾಯುತ್ತ ನಿಂತಿದ್ದರು. ನಾನು "ಓ, ದಟ್ಸ್ ನೈಸ್" ಎಂದೆ.

ಪತ್ರ ಬರೆಯೋಣ, ಮುಂದಿನ ವೀಕೆಂಡ್ ಹೋಗಿ ತಪ್ಪೊಪ್ಪಿಕೊಳ್ಳೋಣ ಎನ್ನುತ್ತಲೇ ನಾಲ್ಕು ವರ್ಷ ಕಳೆಯಿತು. ಕಡೆಗೂ ಹೋದಾಗ ಹೆಲನ್ ಮನೆಯಲ್ಲಿ ಬೇರೆ ಯಾರೋ ಇದ್ದರು. ಹೆಲನ್ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡರೆಂದು ಅವರೇ ಹೇಳಿದರು.

ಕದ್ದದ್ದು ನಮ್ಮೂರಿನ ಪದ್ಧತಿ ಎಂದು ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ಕೇಳಿದಾಗ ಇಲ್ಲವೆನ್ನುವುದು ಯಾವ ಊರಿನ ಪದ್ಧತಿಯೂ ಅಲ್ಲ. ಆ ತಗಡು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಕೊಡಲು ಅವರಿಲ್ಲ, ಎಸೆಯಲು ನನಗೆ ಕೈ ಬರುವುದಿಲ್ಲ.