ಹುಟ್ಟಿದಾಗ ಒಂಬತ್ತು ಸೇರು

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಬೇಕೆಂದರೆ ಮೊದಲು ಚರಿತ್ರೆಯನ್ನು ಎತ್ತಿ ಕೆಳಗಿಡಬೇಕು. ಮಾವಿನ ಮಿಡಿಯ ಭರಣಿಯ ಮುಚ್ಚಳದ ಮೇಲೆ ಒಂದು ಸೇರಿನ ಕಬ್ಬಿಣದ ತೂಕದ ಬಟ್ಟು ಕೂತಿದೆ. ಕಿಲೋ ಬಂದು ಹಳೆಯ ತೂಕಗಳನ್ನು ಅಜ್ಜನ ಅಂಗಡಿಯಿಂದ ಓಡಿಸಿದಾಗ ಇದು ನಮ್ಮ ಅಡುಗೆಮನೆ ಸೇರಿ ತಲೆಮರೆಸಿಕೊಂಡಿತು. ಇವತ್ತು ಬೆಳಿಗ್ಗೆ ಅದನ್ನೆತ್ತಿದಾಗ ಸಾಸಿವೆಯ ಘಾಟಿನ ಜೊತೆಗೆ ನನ್ನ ಮಾನಹಾನಿಯೂ ಮೂಗಿಗೆ ಬಡಿಯಿತು.

ಹುಟ್ಟಿದಾಗ ನಾನು ಒಂಬತ್ತು ಸೇರು ಇದ್ದೆನಂತೆ. ಸಿದ್ದಾಪುರದ ಅಜ್ಜನ ಅಂಗಡಿಯ ತಕ್ಕಡಿಯಲ್ಲೇ ತೂಗಿದ್ದರಂತೆ. ಸೇರೆಂದರೆ ಹೆಚ್ಚುಕಡಿಮೆ ಕಿಲೋ ಎಂದು ಮನೆಯವರೆಲ್ಲ ನಂಬಿದ್ದರಿಂದ, ನಾನು ದೊಡ್ಡ ಬೂದುಗುಂಬಳಕಾಯಿಯ ಗಾತ್ರದಲ್ಲಿ ಭೂಮಿಗೆ ಬಂದವನು. ನೆನಪನ್ನು ನಂಬಬಾರದೆಂದು ದಿನಚರಿಯಲ್ಲಿ ಆಗಾಗ ಬರೆದುಕೊಳ್ಳುವ, ಎಂ.ಎ. ಓದಿದ ನನಗೆ ಇದರ ಮೇಲೆ ಮಾತ್ರ ಸಂಶಯ ಬರಲಿಲ್ಲ ನೋಡಿ. ತಕ್ಕಡಿಯ ತಣ್ಣನೆಯ ತಟ್ಟೆ ಬೆನ್ನಿಗೆ ತಾಗಿದ್ದು ಕೂಡ ನೆನಪಿದೆ ಅನ್ನಿಸುತ್ತಿತ್ತು.

ಕಳೆದ ವರ್ಷ ಅಣ್ಣನ ಮಗಳು ಬಾಣಂತನಕ್ಕೆ ಶಿರಸಿಯ ನಮ್ಮ ಮನೆಗೆ ಬಂದಳು. ಕೂಸು ಎರಡೂವರೆ ಕಿಲೋ. ಡಾಕ್ಟರಿಗೆ ತೃಪ್ತಿಯಿತ್ತು, ನೋಡಲೆಂದು ಮಂಚಿಕೇರಿಯಿಂದ ಬಂದ ನನ್ನ ಸೋದರತ್ತೆಗೆ ಇರಲಿಲ್ಲ.

“ಎಂತದೇ ಇದು, ಬರೀ ಎರಡೂವರೆ! ನಿನ್ನ ಅಪ್ಪಚ್ಚಿ ಒಂಬತ್ತು ಸೇರು ಇದ್ದಿದ್ದ. ಎನ್ನ ಕಣ್ಣೆದುರಿಗೇ ತೂಗಿದ್ದು.”

ಅಪ್ಪಚ್ಚಿ, ಅಂದರೆ ಅವಳ ಚಿಕ್ಕಪ್ಪನಾದ ನಾನು ವಿನಯದಿಂದ ತಲೆ ತಗ್ಗಿಸಿದೆ. ಹುಡುಗಿ ಊಟ ಬಿಟ್ಟು ಎದ್ದಳು. ಒಳಗೆ ಹೋಗಿ ನೋಡಿದರೆ ಅಳುತ್ತಿದ್ದಾಳೆ.

“ಎನ್ನ ಹಾಲೇ ಸಾಲ್ತಿಲ್ಲೆ ಕಾಣ್ತು, ಅಪ್ಪಚ್ಚಿ. ನಾಳೆಯಿಂದ ಡಬ್ಬಿ ಹಾಲು ಕೊಡ್ತೆ.”

ಇಷ್ಟು ವರ್ಷ ಹೊತ್ತು ಮೆರೆದ ತೂಕ ಆಗ ಭಾರವೆನಿಸಿತು. ಹೊರಗೆ ಬಂದು ಕೇಳಿದೆ: “ಅತ್ತೆ, ಅದು ಯಾವ ಸೇರು?”

“ಯಾವ್ದೆಂತ? ಭರಣಿ ಮೇಲೆ ಕೂತಿದ್ದಲ, ಅದೇ!”

ಬಟ್ಟನ್ನು ತೊಳೆದು, ಹುಡುಗಿ ಕೇಕ್ ಮಾಡಲು ತಂದಿಟ್ಟಿದ್ದ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟೆ. ಇನ್ನೂರ ಎಂಬತ್ತು ಗ್ರಾಂ. ಕಿಲೋಗೆ ಹತ್ತಿರವಿದ್ದದ್ದು ಎಂಬತ್ತು ತೊಲೆಯ ಪಕ್ಕಾ ಸೇರು. ಇದು ಇಪ್ಪತ್ತನಾಲ್ಕು ತೊಲೆಯ ಕಚ್ಚಾ ಸೇರು. ನಾನು ಹುಟ್ಟಿದ ಕಾಲಕ್ಕೆ ಈಚೆ ಮುಂಬೈ ಸರಕಾರ, ಸಿದ್ದಾಪುರದಾಚೆ ಮೈಸೂರು. ನಡುವಿನ ಅಂಗಡಿಯವರು ಎರಡಕ್ಕೂ ಗೌರವ ಕೊಟ್ಟು ಕೊಳ್ಳುವಾಗ ಪಕ್ಕಾ, ಕೊಡುವಾಗ ಕಚ್ಚಾ ಬಳಸುತ್ತಿದ್ದರೇನೋ.

ಹುಡುಗಿ ಮೊಬೈಲಿನಲ್ಲಿ ಒಂಬತ್ತರಿಂದ ಗುಣಿಸಿದಳು. “ಅಪ್ಪಚ್ಚಿ, ನೀನೂ ಎರಡೂವರೆನೇ!” ಎಂದು ನಗಲು ಹಿಡಿದವಳು ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ.

ಅತ್ತೆ ಬಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. “ಉಪ್ಪಿನ ಮೇಲೆ ಕೂತು ಸವದಿಕ್ಕು, ತಮಾ.”

ಮರುದಿನ ಬಂದ ನೆಂಟರೆದುರು ಅದೇ ಅತ್ತೆ ಕೂಸನ್ನೆತ್ತಿ ಸಾರಿದರು: “ಸರೀ ಒಂಬತ್ತು ಸೇರು! ಎಂಗಳ ಮನೆ ಮಕ್ಕಳೇ ಹಾಂಗೆ.” ಡಬ್ಬಿ ಹಾಲಿನ ಮಾತು ಮತ್ತೆ ಬರಲಿಲ್ಲ.

ಇವತ್ತು ಮಿಡಿ ತೆಗೆದುಕೊಂಡು ಬಟ್ಟನ್ನು ಮತ್ತೆ ಅದರ ಜಾಗದಲ್ಲಿಟ್ಟೆ. ದಿನಾ ಎತ್ತಿಟ್ಟ ಈ ಕೈಗೇ ಅದು ಕಿಲೋ ಅಲ್ಲವೆಂದು ತಿಳಿದಿರಲಿಲ್ಲ. ತಟ್ಟೆಯ ತಂಪು ನೆನಪಿದೆ ಎನ್ನುವ ಬೆನ್ನನ್ನು ಇನ್ನು ಹೇಗೆ ನಂಬಲಿ, ನೀವೇ ಹೇಳಿ.